ಹಾಜರಿ ಪುಸ್ತಕ ಮುಚ್ಚಿದ ಮೇಲೆ

ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ ನಾನು ಕಾಟನ್‌ಪೇಟೆಗೆ ಹೋಗಿ ಒಂದು ಹಾಜರಿ ಪುಸ್ತಕ ಕೊಂಡು ತರುತ್ತೇನೆ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಚಾಮರಾಜಪೇಟೆಯ ಪುಟ್ಟ ವಾಚನಾಲಯವೊಂದರ ಲೆಕ್ಕಪತ್ರ ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿದೆ. ಅಲ್ಲಿರುವವರು ನಾಲ್ವರು ಸಿಬ್ಬಂದಿ. ಅವರಿಗೆ ಒಂದು ವರ್ಷಕ್ಕೆ ಒಂದು ತೆಳುವಾದ ಪುಸ್ತಕ ಧಾರಾಳವಾಗಿ ಸಾಕು. ಕಳೆದ ಬಾರಿ ಹೋದಾಗ ಅಂಗಡಿಯ ಯಜಮಾನರು ಅಟ್ಟದ ಮೇಲಿಂದ ಧೂಳು ಹಿಡಿದ ಕಟ್ಟೊಂದನ್ನು ಇಳಿಸುತ್ತ, ‘ಈಗ ಇದನ್ನ ಯಾರು ತಗೋತಾರೆ ಸಾರ್? ಸ್ಕೂಲಿನವರು, ದೇವಸ್ಥಾನದವರು, ಬಿಟ್ಟರೆ ನೀವು’ ಎಂದು ನಕ್ಕರು. ಹಾಗೆ ಹೇಳುತ್ತಿರುವಾಗಲೇ ಅವರ ಅಂಗಡಿಯ ಹುಡುಗರಿಬ್ಬರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ್ದ ಮೊಬೈಲಿನ ಎದುರು ಮುಖವೊಡ್ಡಿ ಒಳಗೆ ಹೋದರು. ಹಾಜರಿ ಪುಸ್ತಕ ಮಾರುವ ಅಂಗಡಿಯಲ್ಲಿಯೇ ಹಾಜರಿ ಪುಸ್ತಕವಿಲ್ಲ!

ಇದನ್ನು ಹಳಬನೊಬ್ಬನ ಹಳಹಳಿಕೆ ಎಂದು ಓದುಗರು ಭಾವಿಸಬಾರದು. ಕಾಟನ್‌ಪೇಟೆಯಂಥ ಬೀದಿಗೂ ಇಳಿದು ಬಂದಿರುವ ಈ ಸಣ್ಣ ಬದಲಾವಣೆಯ ಹಿಂದೆ ದುಡಿಯುವವರ ಹಕ್ಕಿಗೆ ಸಂಬಂಧಿಸಿದ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಒಬ್ಬ ನೌಕರ ಎಷ್ಟು ದಿನ ದುಡಿದ, ಎಷ್ಟು ಸಂಬಳಕ್ಕೆ ಅರ್ಹ, ಯಾವ ದಿನ ಕೆಲಸಕ್ಕೆ ಸೇರಿದ ಎಂಬುದನ್ನು ಬರೆದಿಡುವವರು ಯಾರು? ಬರೆದದ್ದನ್ನು ನೋಡುವ, ಒಪ್ಪುವ, ತಕರಾರು ಮಾಡುವ ಅವಕಾಶ ಯಾರಿಗಿದೆ? ಪ್ರಶ್ನೆ ಇಷ್ಟೇ. ಉತ್ತರ ಮಾತ್ರ ದಿನದಿಂದ ದಿನಕ್ಕೆ ನೌಕರನ ಕೈಯಿಂದ ದೂರ ಸರಿಯುತ್ತಿದೆ.

ಹಿಂದೆ ಅರಳೇಪೇಟೆ ಎಂದು ಕರೆಯಲಾಗುತ್ತಿದ್ದ ಈ ಬೀದಿಗೆ ದುಡಿಮೆಯ ಲೆಕ್ಕ ಹೊಸದಲ್ಲ. ಪೇಟೆಗೆ ಹೊಂದಿಕೊಂಡಂತೆ 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಅದು ಬಿನ್ನಿ ಮಿಲ್ಲೆಂದೇ ಹೆಸರಾಯಿತು. ಗಿರಣಿಯ ಕೂಗಿಗೆ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಕಾಲವನ್ನು ಈ ಭಾಗದ ಹಿರಿಯರು ಈಗಲೂ ನೆನೆಯುವುದುಂಟು. ಗಿರಣಿ ಮುಚ್ಚಿ, ಆ ನೆಲದಲ್ಲಿ ಬಹುಮಹಡಿ ವಸತಿ ಸಮುಚ್ಚಯ ಎದ್ದಿದೆ. ಸಾವಿರಾರು ಕಾರ್ಮಿಕರು ಒಂದೇ ಗೇಟಿನಿಂದ ಒಳಹೋಗುತ್ತಿದ್ದ ದೃಶ್ಯ ಈಗಿಲ್ಲ. ಅದರ ಜಾಗದಲ್ಲಿರುವುದು ಹತ್ತು, ಹದಿನೈದು, ಮೂವತ್ತು ಜನರನ್ನಿಟ್ಟುಕೊಂಡ ಸಗಟು ಮಳಿಗೆಗಳು, ಊದುಬತ್ತಿ ಪ್ಯಾಕ್ ಮಾಡುವ ಘಟಕಗಳು, ಮುದ್ರಣಾಲಯಗಳು, ಲಾಡ್ಜುಗಳು, ಸಾಗಣೆ ಏಜೆನ್ಸಿಗಳು. ದೊಡ್ಡ ಗಿರಣಿಗೆ ಟೈಮ್ ಆಫೀಸ್ ಎಂಬ ಪ್ರತ್ಯೇಕ ವಿಭಾಗವೇ ಇರುತ್ತಿತ್ತು. ಈ ಸಣ್ಣ ಮಳಿಗೆಗಳಿಗೆ ಅಂಥದ್ದು ಎಂದೂ ಇರಲಿಲ್ಲ. ಯಜಮಾನರ ಒಂದು ನೋಟ್ ಪುಸ್ತಕ, ಅವರ ನೆನಪು, ತಿಂಗಳಿಗೊಮ್ಮೆ ಬಂದು ಹೋಗುವ ಲೆಕ್ಕಿಗ. ಸಿಬ್ಬಂದಿ ಆಡಳಿತವೆಂದರೆ ಅಷ್ಟೇ.

ಈ ಜಾಗಕ್ಕೇ ಈಗ ‘ಮಾನವ ಸಂಪನ್ಮೂಲ ತಂತ್ರಜ್ಞಾನ’ ಬಂದು ಕೂತಿರುವುದು. ಹಾಜರಿ, ರಜೆ, ಹೆಚ್ಚುವರಿ ಅವಧಿಯ ದುಡಿಮೆ, ಮುಂಗಡ, ಸಂಬಳ, ಭವಿಷ್ಯ ನಿಧಿ, ಇಎಸ್‌ಐ ಇವೆಲ್ಲವನ್ನೂ ಒಂದೇ ತಂತ್ರಾಂಶ ನೋಡಿಕೊಳ್ಳುತ್ತದೆ. ಕೊಂಡುಕೊಳ್ಳಬೇಕಾಗಿಲ್ಲ, ತಲೆಗಿಷ್ಟೆಂದು ತಿಂಗಳ ಬಾಡಿಗೆ ಕೊಟ್ಟರಾಯಿತು. ಇಂಥ ತಂತ್ರಾಂಶಗಳನ್ನು ಸಿದ್ಧಪಡಿಸುವ ಕಂಪನಿಗಳು ನಮ್ಮ ಬೆಂಗಳೂರಿನಲ್ಲಿಯೂ ಹೈದರಾಬಾದ್, ಚೆನ್ನೈಗಳಲ್ಲಿಯೂ ಬೆಳೆದಿವೆ. ಕಾನೂನು ಕೂಡ ಸಣ್ಣ ಉದ್ಯಮಿಯನ್ನು ಇದೇ ದಾರಿಗೆ ತಳ್ಳಿದೆ. ಇಪ್ಪತ್ತು ಜನರಿದ್ದರೆ ಭವಿಷ್ಯ ನಿಧಿ, ಹತ್ತು ಜನರಿದ್ದರೆ ಇಎಸ್‌ಐ ಅನ್ವಯವಾಗುತ್ತದೆ. ಭವಿಷ್ಯ ನಿಧಿಯ ವಿವರಗಳನ್ನು 2012ರಿಂದ ಕಂಪ್ಯೂಟರ್ ಮೂಲಕವೇ ಸಲ್ಲಿಸಬೇಕಾಗಿ ಬಂತು. ಮೂಲ ವೇತನದ ಶೇ 12ರಷ್ಟು ನೌಕರನದು, ಅಷ್ಟೇ ಮೊತ್ತ ಮಾಲೀಕನದು. ಮಾಲೀಕನ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ, ಅದೂ 15,000 ರೂಪಾಯಿ ವೇತನದ ಮಿತಿಗೊಳಪಟ್ಟು. ಈ ಲೆಕ್ಕವನ್ನು ತಿಂಗಳು ತಿಂಗಳು ಕೈಯಲ್ಲಿ ಮಾಡುವ ಗುಮಾಸ್ತನನ್ನು ಇಟ್ಟುಕೊಳ್ಳುವುದಕ್ಕಿಂತ ಯಂತ್ರದ ಬಾಡಿಗೆಯೇ ಅಗ್ಗ.

ಸಂಬಳದ ಲೆಕ್ಕಕ್ಕೆ ಯಂತ್ರವನ್ನು ಬಳಸುವ ಯೋಚನೆಗೆ ಎಪ್ಪತ್ತು ವರ್ಷ ಮೀರಿದ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ ಚಹಾದಂಗಡಿಗಳ ಸರಣಿ ನಡೆಸುತ್ತಿದ್ದ ಲಯನ್ಸ್ ಎಂಬ ಕಂಪನಿ ತಾನೇ ಕಟ್ಟಿಸಿದ ‘ಲಿಯೋ’ ಕಂಪ್ಯೂಟರಿನಲ್ಲಿ 1954ರಿಂದ ತನ್ನ ನೌಕರರ ಸಂಬಳದ ಲೆಕ್ಕ ಮಾಡತೊಡಗಿತು. ನುರಿತ ಗುಮಾಸ್ತನೊಬ್ಬನಿಗೆ ಎಂಟು ನಿಮಿಷ ಹಿಡಿಯುತ್ತಿದ್ದ ಒಬ್ಬರ ಲೆಕ್ಕ ಅದಕ್ಕೆ ಒಂದೂವರೆ ಸೆಕೆಂಡಿನ ಕೆಲಸವಾಗಿತ್ತು. ಟೀ ಮಾರುವವರು ಕಂಪ್ಯೂಟರ್ ಕಟ್ಟಿದ್ದು ಆಕಸ್ಮಿಕವಲ್ಲ. ಸಣ್ಣ ಸಣ್ಣ ಮೊತ್ತಗಳ ಲೆಕ್ಕ ಅಗಾಧವಾಗಿದ್ದ ವ್ಯಾಪಾರ ಅದು. ಇಂದಿನ ಕಾಟನ್‌ಪೇಟೆಯ ಅಗತ್ಯವೂ ಅಂಥದ್ದೇ.

ಇದರಿಂದ ಒಳಿತಾಗಿಲ್ಲವೇ? ಖಂಡಿತ ಆಗಿದೆ. ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆ, ಯಜಮಾನರ ಮುಖ ನೋಡಿ ಕೈಯೊಡ್ಡುವ ಸಂಕೋಚ ತಪ್ಪಿದೆ. 2014ರಲ್ಲಿ ಭವಿಷ್ಯ ನಿಧಿಯ ಸದಸ್ಯರಿಗೆ ಯುಎಎನ್ ಎಂಬ ಒಂದೇ ಶಾಶ್ವತ ಸಂಖ್ಯೆ ಬಂದ ಮೇಲೆ, ಕೆಲಸ ಬದಲಿಸಿದಾಗಲೆಲ್ಲ ಹಳೆಯ ಹಣ ಕೈತಪ್ಪಿ ಹೋಗುವ ಸಾಧ್ಯತೆ ಕಡಿಮೆಯಾಯಿತು. 2017ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಾತಿ ತಂದಾಗ, ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಹೆಸರುಗಳಿಗೂ ನಿಜವಾಗಿ ಪೊರಕೆ ಹಿಡಿದ ಕೈಗಳಿಗೂ ಇದ್ದ ಅಂತರ ಬಯಲಾಯಿತು. ಇಲ್ಲದವರ ಹೆಸರಿನಲ್ಲಿ ಸಾರ್ವಜನಿಕ ಹಣ ಸೋರುವುದನ್ನು ತಡೆಯುವ ಯಾವುದೇ ಸಾಧನವನ್ನು ನನ್ನಂಥ ಮಾಜಿ ಅಧಿಕಾರಿ ವಿರೋಧಿಸಲಾರ.

ಆದರೆ ಅದೇ ಪ್ರಸಂಗಕ್ಕೆ ಇನ್ನೊಂದು ಮುಖವೂ ಇತ್ತು. ವೇತನವನ್ನು ನೇರವಾಗಿ ಪಾವತಿಸುವ ಹೊಸ ವ್ಯವಸ್ಥೆಗೆ ಬದಲಾಗುವ ಸಂಧಿಕಾಲದಲ್ಲಿ, ನಿಜವಾಗಿ ದುಡಿದವರಲ್ಲಿಯೂ ಹಲವರ ಸಂಬಳ ತಿಂಗಳುಗಟ್ಟಲೆ ನಿಂತುಹೋಯಿತು. ಸೋಪಿನ ನೀರು, ಸಿಮೆಂಟುಗಳಲ್ಲಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಸುಲಭವಾಗಿ ಗುರುತಿಸದು. ಇಲ್ಲದವನನ್ನು ಇದ್ದಾನೆಂದು ಬರೆಯುವುದು ಹಳೆಯ ಪುಸ್ತಕದ ದೋಷ. ಇದ್ದವನನ್ನು ಇಲ್ಲವೆನ್ನುವುದು ಹೊಸ ಯಂತ್ರದ ದೋಷ. ಮೊದಲನೆಯದರಿಂದ ನಷ್ಟ ಖಜಾನೆಗೆ, ಎರಡನೆಯದರಿಂದ ನಷ್ಟ ದುಡಿದವನಿಗೆ. ಖಜಾನೆಗೆ ನಷ್ಟವಾದರೆ ಕೇಳಲು ಲೆಕ್ಕಪರಿಶೋಧಕರಿದ್ದಾರೆ. ದುಡಿದವನಿಗೆ ಯಾರಿದ್ದಾರೆ?

ನಮ್ಮ ವಾಚನಾಲಯದಲ್ಲಿ ಬೆಳಗಿನ ಹೊತ್ತು ಕಸ ಗುಡಿಸಿ, ಪತ್ರಿಕೆಗಳನ್ನು ಜೋಡಿಸಿಡುವ ಮಹಿಳೆಯೊಬ್ಬರಿದ್ದಾರೆ. ಉಳಿದ ಹೊತ್ತು ಕಾಟನ್‌ಪೇಟೆಯ ಒಂದು ಮಳಿಗೆಯಲ್ಲಿ ಪ್ಯಾಕಿಂಗ್ ಕೆಲಸ. ಅದಕ್ಕೆ ಮೊದಲು, 2008ರಿಂದ 2019ರವರೆಗೆ, ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು. 2024ರ ಒಂದು ಬೆಳಿಗ್ಗೆ ಮೊಬೈಲನ್ನು ನನ್ನ ಮುಂದೆ ಹಿಡಿದು, ‘ಇದ್ರಲ್ಲಿ ನಾನು ನಾಲ್ಕು ವರ್ಷ ಮಾತ್ರ ಕೆಲ್ಸ ಮಾಡಿದೀನಂತೆ ಸಾರ್. ಹನ್ನೊಂದು ವರ್ಷ ಮಾಡಿದೀನಿ. ಉಳಿದಿದ್ದು ಎಲ್ಲಿ ಹೋಯ್ತು?’ ಎಂದು ಕೇಳಿದರು.

ಎಲ್ಲಿಯೂ ಹೋಗಿರಲಿಲ್ಲ. ಕಾರ್ಖಾನೆಯವರು 2015ರಲ್ಲಿ ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಬದಲಾಗಿದ್ದರು. ಹೊಸದಕ್ಕೆ ವಿವರಗಳನ್ನು ತುಂಬಿದವರು ಯಾರೋ ಆಕೆಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬದಲಿಸಿದ್ದರು, ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಹಾಕಿದ್ದರು, ಸೇರಿದ ದಿನಾಂಕದ ಕಡೆ ತಂತ್ರಾಂಶ ಬದಲಾದ ದಿನಾಂಕವನ್ನೇ ನಮೂದಿಸಿದ್ದರು. ಹೊಸ ಹೆಸರಿಗೆ ಹೊಸ ಸಂಖ್ಯೆಯೂ ಬಂದಿತ್ತು. ಹಿಂದಿನ ಏಳು ವರ್ಷ ಇನ್ನೊಂದು ಹೆಸರಿನ, ಇನ್ನೊಂದು ಸಂಖ್ಯೆಯ ಖಾತೆಯಲ್ಲಿ ಅನಾಥವಾಗಿ ಬಿದ್ದಿತ್ತು. ಇದು ಬರಿಯ ಅಕ್ಷರದೋಷವಲ್ಲ. 1995ರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷಗಳ ಸೇವೆ ಬೇಕು. ಹನ್ನೊಂದು ವರ್ಷ ದುಡಿದವರಿಗೆ 58ನೇ ವಯಸ್ಸಿನಲ್ಲಿ ಪಿಂಚಣಿಯುಂಟು, ಅದೆಷ್ಟೇ ಸಣ್ಣದಾಗಿರಲಿ. ನಾಲ್ಕು ವರ್ಷದವರಿಗೆ ಇಲ್ಲ.

ಕಾರ್ಖಾನೆ ಅಷ್ಟರಲ್ಲಿ ನಗರದಿಂದ ಹೊರಗೆ ಹೋಗಿತ್ತು. ಸಂಬಳದ ಚೀಟಿಗಳೆಲ್ಲ ಕಾರ್ಖಾನೆಯ ಆ್ಯಪಿನಲ್ಲಿದ್ದವು. ಕೆಲಸ ಬಿಟ್ಟ ದಿನವೇ ಆ್ಯಪಿನ ಬಾಗಿಲು ಮುಚ್ಚಿತ್ತು. ಕೊಟ್ಟಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ಧ್ವನಿಮುದ್ರಿತ ಸ್ವಾಗತ. ಕೊನೆಗೆ ಅವರನ್ನು ಕಾಪಾಡಿದ್ದು ಪ್ಲಾಸ್ಟಿಕ್ ಕವರಿನಲ್ಲಿ, ಅಕ್ಕಿ ಡಬ್ಬದ ಕೆಳಗೆ ಜೋಪಾನವಾಗಿಟ್ಟಿದ್ದ ಕೆಲವು ಕಾಗದಗಳು: 2008ರಿಂದ 2011ರವರೆಗಿನ ಸಂಬಳದ ಚೀಟಿಗಳು ಮತ್ತು ಮಾಸಿದ ಒಂದು ಗುರುತಿನ ಚೀಟಿ. ಅವನ್ನು ಹಿಡಿದು, ಕಾರ್ಖಾನೆಯ ಹೊಸ ವಿಳಾಸ ಹುಡುಕಿ, ಮಾಲೀಕರ ಸಹಿ ತರಿಸಿ ಎರಡು ಖಾತೆಗಳನ್ನು ಒಂದು ಮಾಡಿಸುವಷ್ಟರಲ್ಲಿ ಏಳು ತಿಂಗಳು ಕಳೆಯಿತು. ತಂತ್ರಜ್ಞಾನವಿಲ್ಲದ ವರ್ಷಗಳಿಗೆ ಆಕೆಯ ಬಳಿ ಸಾಕ್ಷ್ಯವಿತ್ತು. ತಂತ್ರಜ್ಞಾನ ಬಂದ ವರ್ಷಗಳಿಗೆ ಇರಲಿಲ್ಲ. ಈ ವಿಪರ್ಯಾಸವೇ ನನ್ನನ್ನು ಈ ಲೇಖನ ಬರೆಯಲು ಪ್ರೇರೇಪಿಸಿದ್ದು.

ಹೆಸರಿನ ಸಮಸ್ಯೆ ನಮ್ಮ ಕಡೆಯ ವಿಶೇಷ ಸಮಸ್ಯೆ. ಲಕ್ಷ್ಮಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದನ್ನು ಒಂದೇ ರೀತಿ ಬರೆಯಲು ಸಾಧ್ಯ. ಇಂಗ್ಲಿಷ್‌ನಲ್ಲಿ ‘ಕ್ಷ’ಕ್ಕೆ ಒಬ್ಬರು ಕೆ, ಎಸ್, ಎಚ್ ಬಳಸಿದರೆ ಇನ್ನೊಬ್ಬರು ಎಕ್ಸ್ ಬಳಸುತ್ತಾರೆ. ಹಳೇ ಮೈಸೂರು ಭಾಗದಲ್ಲಿ ಮನೆತನದ ಹೆಸರು ಬಳಸುವ ರೂಢಿ ಕಡಿಮೆ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮುಂದೆಯೋ ಹಿಂದೆಯೋ ಬರುತ್ತದೆ. ಆದರೆ ಹೆಚ್ಚಿನ ತಂತ್ರಾಂಶಗಳು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆ ತೆರೆದು ಕೂರುತ್ತವೆ. ಕೊನೆಯ ಹೆಸರೇ ಇಲ್ಲದವರು ಆ ಖಾನೆಯಲ್ಲಿ ಏನನ್ನು ಬರೆಯಬೇಕು? ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು, ಸಂಬಳದ ತಂತ್ರಾಂಶದಲ್ಲಿ ಮತ್ತೊಂದು ಹೆಸರಾದರೆ ಯಂತ್ರದ ದೃಷ್ಟಿಯಲ್ಲಿ ಅವರು ಮೂರು ಬೇರೆ ಬೇರೆ ವ್ಯಕ್ತಿಗಳು. ಯೂನಿಕೋಡ್ ಬಳಕೆಗೆ ಬಂದು ಎರಡು ದಶಕಗಳಿಗೂ ಹೆಚ್ಚು ಕಾಲವಾದ ಮೇಲೂ, ಕನ್ನಡ ಲಿಪಿಯಲ್ಲಿ ಬರೆದ ಹೆಸರೇ ಮೂಲ ಹೆಸರೆಂದು ಇಟ್ಟುಕೊಳ್ಳಲು ಇರುವ ಅಡ್ಡಿ ತಾಂತ್ರಿಕವಾದುದಲ್ಲ. ಯಾರೂ ಕೇಳಿಲ್ಲವೆಂಬುದೇ ಅಡ್ಡಿ.

ಬೇರೆಯವರ ತಪ್ಪನ್ನು ಎತ್ತಿ ಆಡುವ ಮೊದಲು ನನ್ನದೊಂದನ್ನು ಹೇಳಬೇಕು. ರಾಜ್ಯ ಸರ್ಕಾರ 2000ರ ದಶಕದಲ್ಲಿ ತನ್ನ ನೌಕರರ ವೇತನ ಮತ್ತು ಸೇವಾ ವಿವರಗಳನ್ನು ಎಚ್‌ಆರ್‌ಎಂಎಸ್ ಎಂಬ ಗಣಕ ವ್ಯವಸ್ಥೆಗೆ ವರ್ಗಾಯಿಸಿತು. ಲಕ್ಷಗಟ್ಟಲೆ ನೌಕರರ ಸಂಬಳದ ಬಿಲ್ಲುಗಳನ್ನು ಕೈಯಲ್ಲಿ ಬರೆಯುವ ಶ್ರಮ ಅದರಿಂದ ತಪ್ಪಿತು. ದೇಶದ ಇತರ ರಾಜ್ಯಗಳಿಗೂ ಮಾದರಿಯಾಗುವಂಥ ಕೆಲಸವದು ಎಂದು ಇಂದಿಗೂ ನನ್ನ ಅಭಿಪ್ರಾಯ. ಆ ದಿನಗಳಲ್ಲಿ ನಾನಿದ್ದ ಕಚೇರಿಯಲ್ಲಿ ಸಂಜೆಯ ಹೊತ್ತು ಸೇವಾ ಪುಸ್ತಕಗಳ ರಾಶಿಯ ನಡುವೆ ಕುಳಿತು, ವಿಷಯ ನಿರ್ವಾಹಕರು ತುಂಬಿದ ವಿವರಗಳನ್ನು ‘ಪರಿಶೀಲಿಸಲಾಗಿದೆ’ ಎಂದು ದೃಢೀಕರಿಸುವುದು ನನ್ನ ಕೆಲಸವಾಗಿತ್ತು. ಗಡುವು ಹತ್ತಿರವಿತ್ತು. ಎಲ್ಲವನ್ನೂ ನಾನು ಪರಿಶೀಲಿಸಲಿಲ್ಲ.

ಕೆಲವು ತಿಂಗಳ ನಂತರ ವಾಹನ ಚಾಲಕರೊಬ್ಬರು ಬಂದು, ತಮಗೊಂದು ವಾರ್ಷಿಕ ವೇತನ ಬಡ್ತಿ ಕಡಿಮೆಯಾಗಿದೆ, ಸೇವೆಗೆ ಸೇರಿದ ವರ್ಷ ತಪ್ಪಾಗಿ ನಮೂದಾಗಿರಬೇಕು ಎಂದರು. ‘ಕಂಪ್ಯೂಟರಿನಲ್ಲಿ ಹಾಗೇ ಇದೆಯಲ್ಲಪ್ಪ’ ಎಂದು ನಾನು ಅವರನ್ನು ಹಿಂದಕ್ಕೆ ಕಳುಹಿಸಿದೆ. ಹಾಗೆ ಹೇಳುವಾಗ, ಕಂಪ್ಯೂಟರಿನಲ್ಲಿ ಹಾಗೇ ಇರುವುದಕ್ಕೆ ನನ್ನ ದೃಢೀಕರಣವೇ ಕಾರಣ ಎಂಬುದು ನನಗೆ ಹೊಳೆಯಲಿಲ್ಲ. ಅವರು ಮೂರು ಬಾರಿ ಬಂದರು. ನಾಲ್ಕನೇ ಬಾರಿ ಸೇವಾ ಪುಸ್ತಕದ ಪುಟವನ್ನು ತೆರೆದು ನನ್ನೆದುರು ಇಟ್ಟಾಗ, ಅದರಲ್ಲಿದ್ದ ವರ್ಷಕ್ಕೂ ಪರದೆಯ ಮೇಲಿನ ವರ್ಷಕ್ಕೂ ವ್ಯತ್ಯಾಸ ಸ್ಪಷ್ಟವಾಗಿತ್ತು. ಅದನ್ನು ಸರಿಪಡಿಸಿ ಬಾಕಿ ಕೊಡಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅವರು ಕೋಪಿಸಿಕೊಳ್ಳಲಿಲ್ಲ, ಅದೇ ನನಗೆ ಇಂದಿಗೂ ಚುಚ್ಚುತ್ತದೆ.

ಈ ಎರಡು ಪ್ರಸಂಗಗಳಲ್ಲಿ ಯಂತ್ರ ತಪ್ಪು ಮಾಡಿಲ್ಲ. ತಪ್ಪು ಮನುಷ್ಯರದ್ದು. ಯಂತ್ರ ಮಾಡಿದ್ದೇನೆಂದರೆ, ಆ ತಪ್ಪಿಗೆ ಅಧಿಕೃತತೆಯ ಮುದ್ರೆಯೊತ್ತಿ, ಅದು ಸುಳ್ಳೆಂದು ರುಜುವಾತುಪಡಿಸುವ ಹೊಣೆಯನ್ನು ದುಡಿದವರ ಹೆಗಲಿಗೆ ದಾಟಿಸಿದ್ದು. ಹಾಜರಿ ಪುಸ್ತಕದಲ್ಲಿ ದಿನವೂ ನೌಕರ ಸಹಿ ಹಾಕುತ್ತಿದ್ದ, ಬಟವಾಡೆ ಪುಸ್ತಕದಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುತ್ತಿದ್ದ. ಒತ್ತುವಾಗ ತನ್ನ ಸಾಲನ್ನೂ ಮೇಲೆ ಕೆಳಗಿನವರ ಸಾಲನ್ನೂ ಕಣ್ಣಾರೆ ನೋಡುತ್ತಿದ್ದ. ಓದು ಬಾರದಿದ್ದರೆ ಪಕ್ಕದವರು ಓದಿ ಹೇಳುತ್ತಿದ್ದರು. ಆ ದಾಖಲೆ ಇಬ್ಬರದ್ದಾಗಿತ್ತು. ಇಂದಿನದು ಒಬ್ಬರದ್ದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾಹಿತಿಯ ಅಸಮತೋಲನ ಎಂಬ ಪರಿಕಲ್ಪನೆ ಪರಿಚಿತವಾದುದು. ಒಪ್ಪಂದದ ಒಬ್ಬ ಪಕ್ಷಗಾರನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಹಳಿ ತಪ್ಪುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರದ ಉದಾಹರಣೆಯಿಂದ ವಿವರಿಸಿದರು. ಆ ಚಿಂತನೆಗಾಗಿ 2001ರಲ್ಲಿ ಅವರಿಗೂ ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಮಾಹಿತಿಯನ್ನು ಅಗ್ಗಗೊಳಿಸುವ ಗಣಕ ಯಂತ್ರ ಈ ಅಂತರವನ್ನು ಕಡಿಮೆ ಮಾಡಬೇಕಿತ್ತು. ದುಡಿಮೆಯ ವಿಷಯದಲ್ಲಿ ಅಂತರ ಹೆಚ್ಚುತ್ತಿದೆ. ನೌಕರ ಎಷ್ಟು ಹೊತ್ತಿಗೆ ಬಂದ, ಎಷ್ಟು ಸಲ ಎದ್ದು ಹೋದ, ಎಷ್ಟು ಪೆಟ್ಟಿಗೆ ಕಟ್ಟಿದ ಎಂಬುದೆಲ್ಲ ಮಾಲೀಕರಿಗೆ ಗೊತ್ತು. ತನ್ನ ಬಗ್ಗೆ ಬರೆದಿರುವುದೇನು ಎಂಬುದು ನೌಕರನಿಗೆ ಗೊತ್ತಿಲ್ಲ.

ಗೊತ್ತಿಲ್ಲದಿರುವುದರ ಪರಿಣಾಮ ಏನಾಗಬಹುದೆಂದು ಬೆಂಗಳೂರು ಒಮ್ಮೆ ಕಂಡಿದೆ. ಮಾಲೀಕರ ಪಾಲಿನ ಭವಿಷ್ಯ ನಿಧಿಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯಗಳಲ್ಲಿ ಬೀದಿಗಿಳಿದರು. ನಗರ ಸ್ತಬ್ಧವಾಯಿತು. ದೊಡ್ಡ ಸಂಘಟನೆಗಳಾಗಲಿ ನಾಯಕರಾಗಲಿ ಅವರನ್ನು ಕರೆತಂದಿರಲಿಲ್ಲ. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆ, ಮಗನ ಕಾಲೇಜು, ಊರಿನ ಸಾಲ ಎಂದು ಆ ಹಣಕ್ಕೆ ಪ್ರತಿಯೊಬ್ಬರೂ ಒಂದೊಂದು ಹೆಸರಿಟ್ಟುಕೊಂಡಿದ್ದರು. ತಮ್ಮದೇ ಹಣ ತಾವು ಕಾಣದ ಒಂದು ಲೆಕ್ಕದಲ್ಲಿ, ತಮಗೆ ತಿಳಿಯದ ಒಂದು ಭಾಷೆಯ ಆದೇಶದಿಂದ ಕೈತಪ್ಪುತ್ತಿದೆ ಎನಿಸಿದಾಗ ಅವರಿಗೆ ಉಳಿದದ್ದು ರಸ್ತೆಯೊಂದೇ. ನಿಯಮದ ಸರಿತಪ್ಪುಗಳ ಚರ್ಚೆ ಹಾಗಿರಲಿ, ಅದನ್ನು ಅವರಿಗೆ ಕನ್ನಡದಲ್ಲಿ ಮುಂಚಿತವಾಗಿ ವಿವರಿಸುವ ಕೆಲಸವನ್ನು ಯಾರಾದರೂ ಮಾಡಿದ್ದರೆ ಎಂದು ನನಗೆ ಆಗಾಗ ಅನಿಸುತ್ತದೆ.

ಇದೆಲ್ಲ ಪ್ಯಾಕಿಂಗ್ ಕೆಲಸದವರ, ಹೊಲಿಗೆಯವರ ಪಾಡು, ನಮ್ಮ ಮಕ್ಕಳಿಗೆ ಸಂಬಂಧಿಸಿದ್ದಲ್ಲ ಎಂದು ಜಯನಗರ, ಮಲ್ಲೇಶ್ವರಗಳ ಓದುಗರು ನೆಮ್ಮದಿಪಡುವಂತಿಲ್ಲ. ಎಂಜಿನಿಯರಿಂಗ್ ಮುಗಿಸಿದ ಮಗ ಕಳುಹಿಸುವ ಸ್ವವಿವರವನ್ನು ಇಂದು ಅನೇಕ ಕಡೆ ಮೊದಲು ಓದುವುದು ಯಂತ್ರ. ಅದು ಬೇಡವೆಂದರೆ ಮನುಷ್ಯನ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬುದು ನಮ್ಮ ನಂಬಿಕೆ. ಅಮೆಜಾನ್ ಕಂಪನಿ 2014ರಿಂದ ಸಿದ್ಧಪಡಿಸುತ್ತಿದ್ದ ಅಂಥ ಒಂದು ಪ್ರಾಯೋಗಿಕ ವ್ಯವಸ್ಥೆಯ ಕಥೆಯನ್ನು ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ಬಯಲಿಗೆ ತಂದಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹೀಗಾಗಿ ‘ಮಹಿಳೆಯರ’ ಎಂಬ ಪದವಿದ್ದ ಅರ್ಜಿಗಳಿಗೆ ಅದು ಕಡಿಮೆ ಅಂಕ ಕೊಡತೊಡಗಿತ್ತು. ಕಂಪನಿ ಅದನ್ನು ಕೈಬಿಟ್ಟಿತು. ನಿನ್ನೆಯ ಪೂರ್ವಗ್ರಹವನ್ನೇ ಪಾಠವಾಗಿ ಓದಿಸಿದರೆ ಯಂತ್ರವಾದರೂ ಇನ್ನೇನು ಕಲಿತೀತು? ತಿರಸ್ಕೃತನಾದ ಯುವಕನಿಗೆ ಕಾರಣವನ್ನು ಹೇಳುವವರಿಲ್ಲ, ಹೊಲಿಗೆಯ ಹೆಣ್ಣುಮಗಳಿಗೆ ಏಳು ವರ್ಷಗಳ ಲೆಕ್ಕ ಹೇಳುವವರಿರಲಿಲ್ಲ. ಸಂಬಳದಲ್ಲಿ ಅಂತರವಿರಬಹುದು, ಅಸಹಾಯಕತೆಯಲ್ಲಿಲ್ಲ.

ಕಾನೂನು ಏನು ಹೇಳುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ಯೋಗದ ಉದ್ದೇಶಕ್ಕಾಗಿ ನೌಕರರ ಮಾಹಿತಿಯನ್ನು ಬಳಸಲು ಅವರ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಸಂಬಳ ಕೊಡಲು ಒಪ್ಪಿಗೆ ಕೇಳಬೇಕಾಗಿಲ್ಲ ನಿಜ. ಆದರೆ ‘ಉದ್ಯೋಗದ ಉದ್ದೇಶ’ ಎಂಬ ಮಾತು ಎಷ್ಟು ಅಗಲಕ್ಕೂ ಹಿಗ್ಗಬಲ್ಲದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನೂ ವೇತನ ಚೀಟಿಯನ್ನೂ ಕಡ್ಡಾಯ ಮಾಡಿವೆ, ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದಿವೆ. ಇವು ಸ್ವಾಗತಾರ್ಹ. ಭವಿಷ್ಯ ನಿಧಿ ಸಂಘಟನೆಯೂ 2025ರ ಜನವರಿಯಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. 2017ರ ಅಕ್ಟೋಬರ್ ನಂತರ ಆಧಾರ್ ದೃಢೀಕರಣದೊಂದಿಗೆ ಸಂಖ್ಯೆ ಪಡೆದವರು ಹೆಸರು, ದಿನಾಂಕಗಳ ತಪ್ಪನ್ನು ಮಾಲೀಕರ ಅನುಮತಿಯಿಲ್ಲದೆ ತಾವೇ ತಿದ್ದಿಕೊಳ್ಳಬಹುದು. ಅದಕ್ಕೂ ಹಿಂದಿನ ಸಂಖ್ಯೆಯ ನಮ್ಮ ವಾಚನಾಲಯದ ಮಹಿಳೆಗೆ ಮಾತ್ರ ಅದು ಒದಗಲಿಲ್ಲ.

ಗಮನಾರ್ಹ ಮಾದರಿ ನಮ್ಮ ರಾಜ್ಯದಿಂದಲೇ ಬಂದಿದೆ. ಆ್ಯಪ್‌ಗಳ ಮೂಲಕ ಊಟ, ಸರಕು ತಲುಪಿಸುವ, ಸವಾರಿ ಕೊಡುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ಮಾಡಿದ ಕಾಯ್ದೆಯಲ್ಲಿ, ತಮ್ಮ ಕೆಲಸವನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಮಾಹಿತಿ ಪಡೆಯುವ ಅವಕಾಶವಿದೆ. ಕೆಲಸದಿಂದ ತೆಗೆಯುವ ಮುನ್ನ ಸಕಾರಣವಾದ 14 ದಿನಗಳ ನೋಟಿಸ್ ಕೊಡಬೇಕೆಂದೂ ಅದು ಹೇಳುತ್ತದೆ. ನ್ಯೂಯಾರ್ಕ್ ನಗರ 2023ರಿಂದ ನೇಮಕಾತಿಯ ತಂತ್ರಾಂಶಗಳಿಗೆ ಪಕ್ಷಪಾತದ ಪರಿಶೋಧನೆ ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟವು ತನ್ನ 2024ರ ಕಾಯ್ದೆಯಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಕೃತಕ ಬುದ್ಧಿಮತ್ತೆಯನ್ನು ಹೆಚ್ಚು ಅಪಾಯದ ವರ್ಗದಲ್ಲಿ ಇರಿಸಿದೆ. ಬೈಕ್ ಮೇಲೆ ಊಟ ತರುವ ಹುಡುಗನಿಗೆ ಸಲ್ಲುವ ಕಾರಣ ತಿಳಿಯುವ ಹಕ್ಕು ಅಂಗಡಿ, ಕಾರ್ಖಾನೆ, ಕಚೇರಿಗಳ ನೌಕರರಿಗೂ ಏಕೆ ಸಲ್ಲಬಾರದು?

ದೊಡ್ಡ ಕಾಯ್ದೆಗಳಿಗೆ ಕಾಯದೆ ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ತಂತ್ರಾಂಶ ಬದಲಿಸುವಾಗ ನೌಕರರ ಹೆಸರು, ಸೇರಿದ ದಿನಾಂಕ, ವೇತನ ಶ್ರೇಣಿಗಳ ಕರಡು ಪಟ್ಟಿಯನ್ನು ಹದಿನೈದು ದಿನ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಮತದಾರರ ಪಟ್ಟಿಗೆ ನಾವು ದಶಕಗಳಿಂದ ಮಾಡುತ್ತ ಬಂದಿರುವುದು ಇದನ್ನೇ. ಪ್ರತಿ ತಿಂಗಳ ಹಾಜರಿ ಮತ್ತು ಸಂಬಳದ ಚೀಟಿ ನೌಕರನ ಬಳಿ ಉಳಿಯುವ ರೂಪದಲ್ಲಿ, ಆತನಿಗೆ ತಿಳಿಯುವ ಭಾಷೆಯಲ್ಲಿ ಕೈಸೇರಬೇಕು. ಕೆಲಸ ಬಿಟ್ಟ ಮೇಲೂ ತನ್ನ ದಾಖಲೆ ನೋಡುವ ಅವಕಾಶ ಇರಬೇಕು. ತಪ್ಪು ತಿದ್ದಲು ಹೆಸರುಳ್ಳ ಒಬ್ಬ ಮನುಷ್ಯನನ್ನು ನೇಮಿಸಿ, ಗಡುವು ಗೊತ್ತುಪಡಿಸಬೇಕು. ತೀರ್ಮಾನವಾಗುವವರೆಗೆ ಸಂಶಯದ ಲಾಭ ದುಡಿದವರಿಗೆ ಸಿಗಬೇಕು. ಕೆಲಸಕ್ಕೆ ತೆಗೆದುಕೊಳ್ಳುವ, ಕೆಲಸದಿಂದ ತೆಗೆಯುವ ಕೊನೆಯ ಮಾತು ಯಂತ್ರದ್ದಾಗಬಾರದು.

ಸಣ್ಣ ಉದ್ಯಮಿಗಳ ಕಷ್ಟವನ್ನು ನಾನು ಬಲ್ಲೆ. ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕುತ್ತಿದ್ದ ಚಾಳಿಯಿಂದ ಬೇಸತ್ತೇ ಅನೇಕರು ಯಂತ್ರದ ಮೊರೆ ಹೊಕ್ಕಿದ್ದಾರೆ. ತಂತ್ರಾಂಶದೆದುರು ಅವರೂ ಅಸಹಾಯಕರೇ. ಅದರ ಒಂದು ಖಾನೆಯನ್ನೂ ಬದಲಿಸುವ ಶಕ್ತಿ ಅವರಿಗಿಲ್ಲ. ಆದ್ದರಿಂದ ಕನ್ನಡದ ಚೀಟಿ, ಕನ್ನಡದ ಹೆಸರುಗಳನ್ನು ಒದಗಿಸುವ ಹೊಣೆಯನ್ನು ತಂತ್ರಾಂಶ ಮಾರುವವರ ಮೇಲೆ ಹೊರಿಸುವುದು ನ್ಯಾಯ. ಕರ್ನಾಟಕದಲ್ಲಿ ವ್ಯವಹಾರ ಮಾಡುವವರಿಗೆ ಅಷ್ಟನ್ನು ಷರತ್ತಾಗಿ ವಿಧಿಸಿದರೆ ಯಾರ ಉದ್ಯಮವೂ ಮುಳುಗುವುದಿಲ್ಲ.

ಅಂದು ಕಾಟನ್‌ಪೇಟೆಯ ಅಂಗಡಿಯಲ್ಲಿ ಹಾಜರಿ ಪುಸ್ತಕಕ್ಕೆ ಹಣ ಕೊಡುತ್ತ ಈ ಮಹಿಳೆಯ ಕಥೆಯನ್ನು ಯಜಮಾನರಿಗೆ ಹೇಳಿದೆ. ಅವರು ತಮ್ಮ ಮೊಬೈಲನ್ನು ತಿರುಗಿಸಿ ನೋಡುತ್ತ, ‘ನಮ್ಮ ಹುಡುಗರದ್ದು ಸರಿಯಾಗಿದೆಯೋ ಇಲ್ಲವೋ ನಾನೂ ನೋಡಿಲ್ಲ ಸಾರ್. ತುಂಬಿದ್ದು ಲೆಕ್ಕದವರು’ ಎಂದರು. ಒಳಗಿನಿಂದ ಒಬ್ಬ ಹುಡುಗನನ್ನು ಕರೆದು, ‘ನೀನು ಇಲ್ಲಿ ಸೇರಿದ್ದು ಯಾವಾಗಯ್ಯಾ?’ ಎಂದು ಕೇಳಿದರು. ‘ಆಯುಧಪೂಜೆ ಆದ ಮಾರನೇ ವಾರ ಅಣ್ಣ, ಹೋದ್ವರ್ಷಕ್ಕೂ ಹಿಂದಿನ ವರ್ಷ’ ಎಂದ ಅವನು. ಪರದೆಯ ಮೇಲಿದ್ದುದು ಬೇರೆಯದೇ ದಿನಾಂಕ. ಯಜಮಾನರು ಲೆಕ್ಕಿಗರಿಗೆ ಕರೆ ಮಾಡತೊಡಗಿದರು. ನಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ಹೊರಟೆ.